ಎಸ್‌ಎಂಪಿಎಸ್ ಫ್ಯಾನ್ ಯಾಕಿಷ್ಟು ಕೂಗತ್ತೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಸಣ್ಣ ಕ್ಯಾಬಿನೆಟ್‌ನಲ್ಲಿ ಪಿಸಿ ಕಟ್ಕೊಳ್ಳೋದರ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಸುಮಾರು ಜನ ಕೇಳಿರೋದು ಒಂದೇ ವಿಷಯ, ಪವರ್ ಸಪ್ಲೈ, ಅಂದ್ರೆ ಗೋಡೆ ಕರೆಂಟನ್ನ ಪಿಸಿಗೆ ಬೇಕಾದ ಹಾಗೆ ಮಾಡಿಕೊಡೋ ಡಬ್ಬಿ, ಅದರ ಸದ್ದು. ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್.ಪಿ. ರೋಡಲ್ಲಿ ಇದನ್ನ ಎಸ್‌ಎಂಪಿಎಸ್ ಅಂತಾನೇ ಕೇಳೋದು, ಕೊಡೋದು, ಹಾಗಾಗಿ ಇಲ್ಲೂ ಅದೇ ಹೆಸರು.

ಪ್ರಶ್ನೆ: ನಮಸ್ಕಾರ ಸಾರ್. ಮನೆಯಿಂದ್ಲೇ ವಿಡಿಯೋ ಎಡಿಟಿಂಗ್ ಮಾಡ್ತೀನಿ. ಎರಡು ತಿಂಗಳ ಹಿಂದೆ ಸಣ್ಣ ಪಿಸಿ ಕಟ್ಟಿಸ್ದೆ, 600 ವ್ಯಾಟಿನ, ಸಣ್ಣ ಸೈಜಿನ ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಹಾಕಿದಾರೆ. ಬೆಳಗ್ಗೆ ಹೊತ್ತು ಸದ್ದೇ ಇರಲ್ಲ, ಮಧ್ಯಾಹ್ನ ಎಡಿಟ್ ಮಾಡಿದ್ದನ್ನ ಕೊನೇ ವಿಡಿಯೋ ಮಾಡೋಕೆ ರೆಂಡರ್‌ಗೆ ಹಾಕಿದ್ರೆ ಹತ್ತು ನಿಮಿಷದಲ್ಲಿ ಹುಂಯ್ ಅಂತ ಶುರುವಾಗತ್ತೆ, ಅದೇ ರೂಮಲ್ಲಿ ಮಲಗಿರೋ ಮಗು ಎದ್ದುಬಿಡತ್ತೆ. ಬಾಕ್ಸ್ ಮೇಲೆ ಸೈಲೆಂಟ್ ಅಂತ ಬರೆದಿದೆ, ರಿವ್ಯೂನಲ್ಲೂ 20 ಡೆಸಿಬೆಲ್ ಅಷ್ಟೇ ಅಂತ ತೋರ್ಸಿದ್ರು. ಅಂಗಡಿಯವರು ವಾಪಸ್ ತಗೊಳಲ್ಲ ಅಂತಿದಾರೆ. ನಾನು ಮೋಸ ಹೋದ್ನಾ? (ವಿಜಯನಗರ)

ಉತ್ತರ: ಮೋಸ ಹೋಗಿಲ್ಲ, ಸಮಾಧಾನ ಮಾಡ್ಕೊಳಿ. ರಿವ್ಯೂ ಮಾಡಿದವರು ಅಳೆದಿದ್ದು ಅವರ ರೂಮಲ್ಲಿ, ನಿಮ್ಮ ರೂಮಲ್ಲಿ ಅಲ್ಲ, ಅಷ್ಟೇ ವ್ಯತ್ಯಾಸ. ಆದ್ರೆ ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾದ್ರೆ ನಿಮ್ಮ ತೊಂದರೆಗೆ ದಾರಿನೂ ಸಿಗತ್ತೆ.

ಮೊದಲು ಸೈಜ್ ನೋಡೋಣ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ, ಅದರೊಳಗೆ 120 ಅಥವಾ 140ರ ಫ್ಯಾನ್ ಆರಾಮಾಗಿ ಕೂರತ್ತೆ. ನಿಮ್ಮ ಎಸ್‌ಎಫ್‌ಎಕ್ಸ್ 125 ಅಗಲ, 63.5 ಎತ್ತರ, 100 ಉದ್ದ, ಅದರಲ್ಲಿ ಹಿಡಿಯೋದು 80ರ ಇಲ್ಲಾ 92ರ ಫ್ಯಾನ್. ಹುಟ್ಟೋ ಬಿಸಿ ಮಾತ್ರ ಡಬ್ಬಿ ಸಣ್ಣದು ಅಂತ ಕಮ್ಮಿ ಆಗಲ್ಲ. ನಿಮ್ಮ ಪಿಸಿ ರೆಂಡರ್ ಮಾಡೋವಾಗ 300 ವ್ಯಾಟ್ ಎಳೀತಿದೆ ಅಂದ್ಕೊಳಿ, ಎಫಿಷಿಯೆನ್ಸಿ ನೂರಕ್ಕೆ 90 ಇದ್ರೆ ಗೋಡೆಯಿಂದ ಬರೋದು 333 ವ್ಯಾಟ್, ಮಿಕ್ಕ 33 ವ್ಯಾಟ್ ಎಸ್‌ಎಂಪಿಎಸ್ ಒಳಗೇ ಬಿಸಿಯಾಗಿ ಉಳಿಯತ್ತೆ. ಅದೇ ನೂರಕ್ಕೆ 85 ಇದ್ರೆ 53 ವ್ಯಾಟ್. ಅಂಗೈಯಗಲದ ಡಬ್ಬಿ ಒಳಗೆ ಸೋಲ್ಡರಿಂಗ್ ಐರನ್ ಆನ್ ಮಾಡಿಟ್ಟ ಹಾಗೆ. ಒಂದೇ ತರಹದ ಎರಡು ಫ್ಯಾನ್ ತಗೊಂಡ್ರೆ 120ರದ್ದು ತಳ್ಳೋ ಗಾಳೀನ 80ರದ್ದು ತಳ್ಳಬೇಕಾದ್ರೆ ಮೂರು ಪಟ್ಟಿಗಿಂತ ಜಾಸ್ತಿ ಸ್ಪೀಡಲ್ಲಿ ತಿರುಗಬೇಕು. ಫ್ಯಾನಿನ ಸ್ಪೀಡ್ ಎರಡರಷ್ಟಾದ್ರೆ ಸದ್ದು ಹೆಚ್ಚುಕಮ್ಮಿ 15ರಿಂದ 18 ಡೆಸಿಬೆಲ್ ಏರತ್ತೆ, ಮತ್ತೆ 10 ಡೆಸಿಬೆಲ್ ಏರಿದ್ರೆ ಸಾಕು ನಮ್ಮ ಕಿವಿಗೆ ಡಬಲ್ ಸದ್ದಾಯ್ತು ಅನ್ಸತ್ತೆ. ಈಗ ಗೊತ್ತಾಯ್ತಲ್ಲ, ಸ್ವಲ್ಪ ಸ್ಪೀಡ್ ಏರಿದ್ರೂ ಅಷ್ಟೊಂದು ಯಾಕೆ ಕೂಗತ್ತೆ ಅಂತ.

ಇನ್ನು ಬೆಳಗ್ಗೆ ಸುಮ್ಮನಿದ್ದು ಮಧ್ಯಾಹ್ನ ಕೂಗೋದು. ಈ ಫ್ಯಾನ್ ತಿರುಗೋದು ಒಳಗಿನ ಬಿಸಿ ನೋಡ್ಕೊಂಡು. ಟೇಬಲ್ ಮೇಲೆ ಎಸ್‌ಎಂಪಿಎಸ್ ಒಂದನ್ನೇ ಇಟ್ಟು ತಣ್ಣಗಿನ ರೂಮಲ್ಲಿ ಟೆಸ್ಟ್ ಮಾಡಿದ್ರೆ ಅದು ಎಳ್ಕೊಳ್ಳೋದು 23-25 ಡಿಗ್ರಿ ಗಾಳಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 34-35 ಇರತ್ತೆ, ಕೊನೇ ಮಹಡಿ ಮನೆ ಆದ್ರೆ ತಾರಸಿ ಬಿಸಿನೂ ಸೇರ್ಕೊಳತ್ತೆ, ಅದರ ಮೇಲೆ ಸಣ್ಣ ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡು ಉಗುಳಿದ ಬಿಸಿಗಾಳಿನೇ ಎಸ್‌ಎಂಪಿಎಸ್ ಪಾಲಿಗೆ ಬಂದ್ರೆ 40 ದಾಟೋದು ದೊಡ್ಡ ವಿಷಯ ಅಲ್ಲ. ಕೆಲವು ಕಂಪನಿಗಳು 50 ಡಿಗ್ರಿ ಬಿಸಿವರೆಗೂ ಪೂರ್ತಿ ವ್ಯಾಟ್ ಕೊಡತ್ತೆ ಅಂತ ಹೇಳಿರ್ತಾರೆ, ಕೆಲವರು 40ಕ್ಕೇ ನಿಲ್ಲಿಸಿರ್ತಾರೆ, ಬಾಕ್ಸ್ ಹಿಂದಿನ ಸಣ್ಣ ಅಕ್ಷರ ಒಂದ್ಸಲ ಓದಿ ನೋಡಿ.

ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದು ಟೆಸ್ಟ್ ಮಾಡಿ, ಇದನ್ನ ಎಲ್ಲರಿಗೂ ಹೇಳ್ತೀನಿ. ಇವತ್ತು ಮಧ್ಯಾಹ್ನ ಕ್ಯಾಬಿನೆಟ್ ಮುಚ್ಚಿಟ್ಟು ಅರ್ಧ ಗಂಟೆ ರೆಂಡರ್ ಓಡ್ಸಿ, ನಾಳೆ ಅದೇ ಟೈಮಿಗೆ ಅದೇ ಪ್ರಾಜೆಕ್ಟನ್ನ ಎಸ್‌ಎಂಪಿಎಸ್ ಕಡೆ ಸೈಡ್ ಪ್ಯಾನೆಲ್ ತೆಗೆದಿಟ್ಟು ಓಡ್ಸಿ. ತೆಗೆದಾಗ ಸದ್ದು ಇಳೀತು ಅಂದ್ರೆ ಎಸ್‌ಎಂಪಿಎಸ್ ಚೆನ್ನಾಗಿದೆ, ಅದಕ್ಕೆ ತಣ್ಣಗಿನ ಗಾಳಿ ಸಿಕ್ತಿಲ್ಲ. ಆಗ ಅದನ್ನ ಬಿಚ್ಚಿ ಫ್ಯಾನ್ ಮುಖ ಹೊರಗಡೆ ಜಾಲರಿ ಕಡೆಗೆ ಬರೋ ಹಾಗೆ ತಿರುಗಿಸಿ ಹಾಕ್ಸಿ, ಕ್ಯಾಬಿನೆಟನ್ನ ಗೋಡೆಯಿಂದ ಒಂದು ಗೇಣು ಈಚೆ ಇಡಿ, ಒಳಗೆ ತುರುಕಿರೋ ಕೇಬಲ್ ಫ್ಯಾನಿನ ಬಾಯಿಗೆ ಒತ್ಕೊಂಡಿದ್ರೆ ಸರಿಸಿ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ಟನ್ನ ಸಾಫ್ಟ್‌ವೇರಲ್ಲೇ 80 ಪರ್ಸೆಂಟಿಗೆ ಇಳಿಸಿದ್ರೆ ರೆಂಡರ್ ಸ್ವಲ್ಪ ನಿಧಾನ ಆಗಬಹುದು, ಬಿಸಿ ಮಾತ್ರ ಗಮನಕ್ಕೆ ಬರೋ ಅಷ್ಟು ಇಳಿಯತ್ತೆ, ಮಗು ಮಲಗಿರೋ ಹೊತ್ತಿಗೆ ಇದೊಂದನ್ನ ಮಾಡಿದ್ರೂ ಸಾಕಾಗಬಹುದು. ಪ್ಯಾನೆಲ್ ತೆಗೆದ್ರೂ ಅಷ್ಟೇ ಕೂಗಿದ್ರೆ ಆವಾಗ ಬೇರೆ ಮಾಡೆಲ್ ಯೋಚನೆ ಮಾಡಿ. ಎಸ್‌ಎಫ್‌ಎಕ್ಸ್-ಎಲ್ ಅಂತ ಒಂದು ಬರತ್ತೆ, 130 ಮಿ.ಮೀ. ಉದ್ದ, 120ರ ತೆಳ್ಳಗಿನ ಫ್ಯಾನ್ ಇರತ್ತೆ, ಆ 30 ಮಿ.ಮೀ. ಜಾಸ್ತಿ ಜಾಗ ನಿಮ್ಮ ಕ್ಯಾಬಿನೆಟ್‌ನಲ್ಲಿ ಇದ್ಯಾ ಅಂತ ಸ್ಕೇಲ್ ಹಿಡಿದು ಅಳೆದೇ ಅಂಗಡಿಗೆ ಹೋಗಿ, ಕೇಬಲ್ ಬಗ್ಗಿಸೋಕೂ ಜಾಗ ಬೇಕು ಅನ್ನೋದನ್ನ ಮರೀಬೇಡಿ.

ಪ್ರಶ್ನೆ: ಗೊರ್ ಅನ್ನೋ ಸದ್ದು ಬರ್ತಿದೆ, ಯಾವ ಫ್ಯಾನ್ ಅಂತಾನೇ ಗೊತ್ತಾಗ್ತಿಲ್ಲ. ರಿಪೇರಿ ಹುಡುಗ ನೋಡಿದ ತಕ್ಷಣ ಎಸ್‌ಎಂಪಿಎಸ್ ಚೇಂಜ್ ಮಾಡ್ಬೇಕು ಆಂಟಿ ಅಂದ. ನಂಬಬಹುದಾ? (ಬಸವನಗುಡಿ)

ಉತ್ತರ: ಮೇಡಂ, ಈಗಲೇ ಚೇಂಜ್ ಮಾಡಿಸ್ಬೇಡಿ. ನ್ಯೂಸ್‌ಪೇಪರ್ ಸುರುಳಿ ಸುತ್ತಿ ಒಂದು ತುದಿ ಕಿವಿಗೆ ಇಟ್ಕೊಳಿ, ಇನ್ನೊಂದು ತುದೀನ ಒಂದೊಂದೇ ಫ್ಯಾನ್ ಹತ್ರ ತಗೊಂಡು ಹೋಗಿ, ಜಾಲರಿ ಒಳಗೆ ಹಾಕಬೇಡಿ, ಹತ್ರ ಅಷ್ಟೇ. ಡಾಕ್ಟರ್ ಸ್ಟೆತಸ್ಕೋಪ್ ತರ ಕೆಲಸ ಮಾಡತ್ತೆ. ಮನೇಲಿ ಯಾರಿಗಾದ್ರೂ ಬಯಾಸ್ (ಪಿಸಿ ಆನ್ ಆಗೋವಾಗ ತೆರೆಯೋ ಸೆಟ್ಟಿಂಗ್ ಪುಟ) ಗೊತ್ತಿದ್ರೆ ಕ್ಯಾಬಿನೆಟ್ ಫ್ಯಾನುಗಳನ್ನ ಎರಡು ನಿಮಿಷ ಪೂರ್ತಿ ನಿಧಾನ ಮಾಡಿ ಕೇಳಿಸ್ಕೊಳೋದು ಇನ್ನೂ ಒಳ್ಳೇದು. ಹೋದ ವರ್ಷ ನಾನೂ ಹೊಸ ಎಸ್‌ಎಂಪಿಎಸ್ ಆರ್ಡರ್ ಮಾಡೋ ಹಂತಕ್ಕೆ ಬಂದಿದ್ದೆ, ಕೊನೆಗೆ ನೋಡಿದ್ರೆ ಒಂದು ತೆಳ್ಳಗಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ತಾಗ್ತಿತ್ತು, ಒಂದು ಟ್ಯಾಗ್ ಕಟ್ಟಿದ್ದಕ್ಕೆ ಸದ್ದು ನಿಂತೋಯ್ತು. ನಿಮ್ಮದು ಎಸ್‌ಎಂಪಿಎಸ್ಸೇ ಆಗಿದ್ದು, ಆನ್ ಮಾಡಿದಾಗ ಗೊರ್ ಅಂದು ಸ್ವಲ್ಪ ಹೊತ್ತಿಗೆ ಸರಿ ಹೋಗತ್ತೆ ಅಂದ್ರೆ ಫ್ಯಾನಿನ ಬೇರಿಂಗ್ ಆಯಿಲ್ ಒಣಗ್ತಿದೆ, ವಾರಂಟಿ ಕಾಗದ ಹುಡುಕಿ ಇಟ್ಕೊಳಿ. ಧೂಳು ಹೊಡಿಸೋದಾದ್ರೆ ಪ್ಲಗ್ ತೆಗೆದು, ಬ್ಲೋಯರನ್ನ ದೂರದಿಂದ ಸ್ವಲ್ಪ ಸ್ವಲ್ಪವೇ ಬಿಡೋಕೆ ಹೇಳಿ, ಫ್ಯಾನ್ ಗಿರಗಿರ ಸುತ್ತೋ ಹಾಗೆ ಹೊಡೆದ್ರೆ ಬೇರಿಂಗ್ ಹಾಳಾಗತ್ತೆ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೇ ವರ್ಷ ಓದ್ತಿದೀನಿ ಸರ್. ನನ್ನ ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಸದ್ದನ್ನ ಫೋನ್ ಆಪ್‌ನಲ್ಲಿ ಅಳೆದ್ರೆ 41 ಡೆಸಿಬೆಲ್ ತೋರ್ಸತ್ತೆ, ಕಂಪನಿ 25 ಅಂತದೆ. ನಾನೇ ಸರಿಯಾಗಿ ಟೆಸ್ಟ್ ಮಾಡೋದು ಹೇಗೆ? ಹಾಗೇ ಬಿಚ್ಚಿ ಒಳ್ಳೆ ಫ್ಯಾನ್ ಹಾಕೋಣ ಅಂತಿದೀನಿ. (ಕೆಂಗೇರಿ)

ಉತ್ತರ: ತಮ್ಮಾ, ಕೊನೇ ಮಾತಿಗೆ ಮೊದಲು ಉತ್ತರ ಹೇಳ್ತೀನಿ, ಬಿಚ್ಚಬೇಡ. ಒಳಗಿರೋ ದೊಡ್ಡ ಕೆಪ್ಯಾಸಿಟರ್‌ನಲ್ಲಿ 380-400 ವೋಲ್ಟ್ ಡಿಸಿ ಇರತ್ತೆ, ಪ್ಲಗ್ ಕಿತ್ತಮೇಲೂ ಚಾರ್ಜ್ ಉಳಿದಿರಬಹುದು. ಅದು ಜೀವಕ್ಕೇ ಅಪಾಯ, ನಿನ್ನ ಓದು ಎಷ್ಟೇ ಚೆನ್ನಾಗಿದ್ರೂ ಅದಕ್ಕೆ ಗೊತ್ತಾಗಲ್ಲ. ಅಲ್ಲದೆ ಕಂಪನಿಯವರು ಆ ಫ್ಯಾನಿನ ಗಾಳಿ ಲೆಕ್ಕಕ್ಕೆ ತಕ್ಕ ಹಾಗೆ ಒಳಗಿನ ಭಾಗಗಳನ್ನ ಇಟ್ಟಿರ್ತಾರೆ, ಸದ್ದು ಕಮ್ಮಿ ಅಂತ ಗಾಳಿ ಕಮ್ಮಿ ಇರೋ ಫ್ಯಾನ್ ಹಾಕಿದ್ರೆ ಒಳಗೆ ಬೇಯತ್ತೆ.

ಈಗ ಸದ್ದು ಅಳೆಯೋದು. ಫೋನಿನ ಮೈಕ್ ಮಾತು ಕೇಳೋಕೆ ಮಾಡಿರೋದು, ಕ್ಯಾಲಿಬ್ರೇಟ್ ಆಗಿರಲ್ಲ, ಮೆಲ್ಲಗಿನ ಸದ್ದಿನ ಹತ್ರ ಬಂದ್ರೆ ಅದರ ಸ್ವಂತ ಸದ್ದೇ ಅಡ್ಡ ಬರತ್ತೆ. ಹಾಗಾಗಿ 41 ಅನ್ನೋ ನಂಬರನ್ನ ನಂಬಬೇಡ, ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ಹೋಲಿಸೋಕೆ ಮಾತ್ರ ಇಟ್ಕೋ. ರಾತ್ರಿ ಎರಡು ಗಂಟೆ ಮೇಲೆ, ರೋಡಲ್ಲಿ ಲಾರಿ ಓಡಾಟ ನಿಂತಾಗ, ಸೀಲಿಂಗ್ ಫ್ಯಾನ್ ಆಫ್ ಮಾಡಿ, ಪಿಸಿನೂ ಆಫ್ ಇರೋವಾಗ ಮೊದಲು ರೂಮಿನ ಸದ್ದು ಬರೆದಿಟ್ಕೋ. ಆಮೇಲೆ ಪಿಸಿ ಆನ್ ಮಾಡಿದಾಗ ಅದಕ್ಕಿಂತ 10 ಡೆಸಿಬೆಲ್ ಜಾಸ್ತಿ ಬಂದ್ರೆ ನೀನು ಅಳೀತಿರೋದು ಪಿಸೀನೇ, ಬರೀ 2-3 ಜಾಸ್ತಿ ಅಂದ್ರೆ ಅದರಲ್ಲಿ ರೂಮಿನ ಸದ್ದೇ ಸುಮಾರಿದೆ ಅಂತ. ದೂರ ಯಾವತ್ತೂ ಒಂದೇ ಇರ್ಲಿ. ಬಯಲಲ್ಲಿ ದೂರ ಎರಡರಷ್ಟಾದ್ರೆ 6 ಡೆಸಿಬೆಲ್ ಇಳಿಯತ್ತೆ, ಅಂದ್ರೆ ಒಬ್ಬರು 1 ಮೀಟರಿಂದ ಅಳೆದು ಇನ್ನೊಬ್ಬರು 50 ಸೆಂ.ಮೀ.ನಿಂದ ಅಳೆದಿದ್ರೆ ಒಂದೇ ಎಸ್‌ಎಂಪಿಎಸ್‌ಗೆ ಎರಡು ನಂಬರ್ ಬರತ್ತೆ, ದೂರ ಹೇಳದೆ ಬರೀ ಡೆಸಿಬೆಲ್ ಹೇಳೋ ಜಾಹೀರಾತಿಗೆ ನಾನಂತೂ ಬೆಲೆ ಕೊಡಲ್ಲ.

ನಂಬರಿಗಿಂತ ಮುಖ್ಯವಾದ್ದು ಸದ್ದಿನ ನಡವಳಿಕೆ. ಈಗಿನ ಸುಮಾರು ಎಸ್‌ಎಂಪಿಎಸ್‌ಗಳಲ್ಲಿ ಲೋಡ್ ಕಮ್ಮಿ ಇದ್ದಾಗ ಫ್ಯಾನ್ ಪೂರ್ತಿ ನಿಲ್ಲತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಆನ್ ಆಗೋ ಬಿಸಿಗೂ ಆಫ್ ಆಗೋ ಬಿಸಿಗೂ ನಡುವೆ ಸಾಕಷ್ಟು ಅಂತರ ಇಟ್ಟಿಲ್ಲ ಅಂದ್ರೆ ನಿಮಿಷಕ್ಕೊಂದ್ಸಲ ಹೊತ್ಕೊಂಡು ಆರ್ಕೊಂಡು ಮಾಡತ್ತೆ, ಒಂದೇ ಸಮನೆ ಮೆಲ್ಲಗೆ ತಿರುಗೋ ಫ್ಯಾನಿಗಿಂತ ಇದು ಕಿವಿಗೆ ಕಷ್ಟ. ಅದಕ್ಕೇ ಐದು ನಿಮಿಷ ಅಳೆದು ಬಿಡಬೇಡ. ವ್ಯಾಟ್ ತೋರಿಸೋ ಸ್ಮಾರ್ಟ್ ಪ್ಲಗ್ ಹಾಕಿ, ಗೇಮೋ ರೆಂಡರೋ ಓಡಿಸಿ, ಒಂದು ಗಂಟೆ ಕೂತು ವ್ಯಾಟೂ ಸದ್ದೂ ರೂಮಿನ ಬಿಸೀನೂ ಪಕ್ಕಪಕ್ಕ ಬರೆದ್ಕೋ. ಪ್ಲಗ್ ತೋರ್ಸೋದು ಗೋಡೆಯಿಂದ ಎಳೆಯೋ ವ್ಯಾಟ್, ಪಿಸಿಗೆ ತಲುಪೋದು ಅದಕ್ಕಿಂತ ಕಮ್ಮಿ.

ಕರೆಂಟಿನ ಟೆಸ್ಟೂ ಕೇಳ್ತೀಯ ಅಂತ ಗೊತ್ತು. ಹಸಿರು ವೈರನ್ನ ಕಪ್ಪು ವೈರಿಗೆ ಕ್ಲಿಪ್ಪಲ್ಲಿ ಸೇರಿಸಿ ಆನ್ ಮಾಡೋದು ಎಸ್‌ಎಂಪಿಎಸ್ ಬದುಕಿದ್ಯಾ ಅಂತ ಮಾತ್ರ ಹೇಳತ್ತೆ, ಲೋಡ್ ಬಿದ್ದಾಗ ಹೇಗೆ ಅಂತ ಹೇಳಲ್ಲ. ಪಿಸಿ ಕೆಲಸ ಮಾಡ್ತಿರೋವಾಗ ಮಲ್ಟಿಮೀಟರ್‌ನಲ್ಲಿ 12 ವೋಲ್ಟ್ ಲೈನ್ 11.4ರಿಂದ 12.6 ಒಳಗೆ, 5 ವೋಲ್ಟ್ ಲೈನ್ 4.75ರಿಂದ 5.25 ಒಳಗೆ ಇರಬೇಕು. ರಿಪಲ್, ಅಂದ್ರೆ ಡಿಸಿ ಮೇಲೆ ಕೂರೋ ಸಣ್ಣ ಏರಿಳಿತ, ಮೀಟರಿಗೆ ಸಿಗಲ್ಲ, ಕಾಲೇಜ್ ಲ್ಯಾಬಲ್ಲಿ ಆಸಿಲೋಸ್ಕೋಪ್ ಇರತ್ತಲ್ಲ, ಮೇಷ್ಟ್ರನ್ನ ಕೇಳಿ ಅವರು ಪಕ್ಕದಲ್ಲಿರೋವಾಗ ನೋಡು. ಬ್ಯಾಂಡ್‌ವಿಡ್ತ್ 20 ಮೆಗಾಹರ್ಟ್ಸ್‌ಗೆ ಇಳಿಸಿ, ಪ್ರೋಬ್ ತುದೀಲಿ 10 ಮೈಕ್ರೋಫ್ಯಾರಡ್ ಮತ್ತೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಎರಡನ್ನೂ ಪ್ಯಾರಲಲ್ ಹಾಕಿ ನೋಡ್ಬೇಕು, 12 ವೋಲ್ಟಿಗೆ 120 ಮಿಲಿವೋಲ್ಟ್, 5 ಮತ್ತೆ 3.3ಕ್ಕೆ 50 ಮಿಲಿವೋಲ್ಟ್, ಅದು ದಾಟಬಾರದು. ಪ್ರೋಬ್ ಮುಟ್ಟಬೇಕಾದ್ದು ಔಟ್‌ಪುಟ್ ಕನೆಕ್ಟರ್ ಮಾತ್ರ.

ಪ್ರಶ್ನೆ: ಫ್ಯಾನ್ ತಿರುಗ್ದೇ ಇದ್ರೂ ಕೀಂ ಅಂತ ಸದ್ದು, ಗೇಮಿನ ಮೆನು ಬಂದಾಗ ಜಾಸ್ತಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡೋವಾಗ ಝುಂಯ್ ಅನ್ನೋ ಬೇರೆ ಸದ್ದು. ಸುಟ್ಟೋಗತ್ತಾ? (ಮಹದೇವಪುರ)

ಉತ್ತರ: ಮೊದಲನೇದು ಕಾಯಿಲ್ ಸದ್ದು. ಒಳಗಿನ ತಾಮ್ರದ ಸುರುಳಿ ಕರೆಂಟಿನ ಏರಿಳಿತಕ್ಕೆ ಸಣ್ಣಗೆ ನಡುಗತ್ತೆ, ಮೆನುವಿನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಬರೋ ಚಿತ್ರಗಳ ಸಂಖ್ಯೆ) ನೂರಾರು ದಾಟಿದಾಗ ಆ ನಡುಕ ಕಿವಿಗೆ ಸಿಗತ್ತೆ. ಫ್ರೇಮ್ ರೇಟ್‌ಗೆ ಮಿತಿ ಹಾಕಿ ನೋಡಿ, ಎಷ್ಟೋ ಸಲ ಅಲ್ಲಿಗೇ ತಣ್ಣಗಾಗತ್ತೆ. ಗ್ರಾಫಿಕ್ಸ್ ಕಾರ್ಡಿಂದಲೂ ಇದೇ ಸದ್ದು ಬರತ್ತೆ, ಮೇಲೆ ಹೇಳಿದ ಪೇಪರ್ ಸುರುಳಿ ಇಲ್ಲೂ ಆಗತ್ತೆ. ಸುಡೋ ಲಕ್ಷಣ ಅಲ್ಲ, ಕಿರಿಕಿರಿ ಅಷ್ಟೇ. ಎರಡನೇದರ ಬಗ್ಗೆ ಸ್ವಲ್ಪ ಹುಷಾರು. ಕಮ್ಮಿ ಬೆಲೆ ಯುಪಿಎಸ್ ಬ್ಯಾಟರಿ ಮೇಲೆ ಓಡೋವಾಗ ಕೊಡೋದು ಮೆಟ್ಟಿಲು ಮೆಟ್ಟಿಲಾದ ಅಲೆ, ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನ ಸಮನಾಗಿ ಎಳೆಯೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅದು ಆಗಿಬರಲ್ಲ, ಝುಂಯ್ ಅನ್ನತ್ತೆ, ಒಮ್ಮೊಮ್ಮೆ ಪಿಸಿನೇ ಆಫ್ ಆಗತ್ತೆ. ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡೋ ಎರಡು ನಿಮಿಷಕ್ಕೆ ಪರವಾಗಿಲ್ಲ, ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗೋ ಏರಿಯಾ ಆದ್ರೆ ಗೋಡೆ ಕರೆಂಟಿನ ಹಾಗೆ ನುಣುಪಾದ ಅಲೆ ಕೊಡೋ ಪ್ಯೂರ್ ಸೈನ್ ವೇವ್ ಯುಪಿಎಸ್ಸನ್ನೇ ತಗೊಳಿ.

ಪ್ರಶ್ನೆ: 80 ಪ್ಲಸ್ ಗೋಲ್ಡ್ ಇದ್ರೆ ಸದ್ದು ಕಮ್ಮಿ ಅಂತ ಅರ್ಥಾನಾ? (ಯಲಹಂಕ)

ಉತ್ತರ: ಅಲ್ಲ. 80 ಪ್ಲಸ್ ಅನ್ನೋ ಎಫಿಷಿಯೆನ್ಸಿ ಸರ್ಟಿಫಿಕೇಟ್ 2004ರಿಂದ ಇದೆ, ಗೋಲ್ಡ್ ಅದರಲ್ಲೊಂದು ದರ್ಜೆ, ಅದು ಹೇಳೋದು ಕರೆಂಟ್ ಎಷ್ಟು ವ್ಯರ್ಥ ಆಗತ್ತೆ ಅನ್ನೋದನ್ನ ಮಾತ್ರ, ಆ ಟೆಸ್ಟೂ 23 ಡಿಗ್ರಿ ಸುಮಾರಿನಲ್ಲಿ ಮಾಡೋದು. ಬಿಸಿ ಕಮ್ಮಿ ಆದ್ರೆ ಫ್ಯಾನಿಗೆ ಕೆಲಸ ಕಮ್ಮಿ, ಸಂಬಂಧ ಅಷ್ಟೇ. ಸದ್ದಿಗೆ ಅಂತಾನೇ ಗ್ರೇಡ್ ಕೊಡೋದು ಸೈಬೆನೆಟಿಕ್ಸ್ ಅನ್ನೋ ಸಂಸ್ಥೆ, ಲ್ಯಾಂಬ್ಡಾ ಅಂತ ಕರೀತಾರೆ. 15 ಡೆಸಿಬೆಲ್ ಒಳಗಿದ್ರೆ ಎ ಪ್ಲಸ್ ಪ್ಲಸ್, 15ರಿಂದ 20 ಎ ಪ್ಲಸ್, 20ರಿಂದ 25 ಎ, 25ರಿಂದ 30 ಎ ಮೈನಸ್. ಅಂಗಡಿಗೆ ಹೋಗೋ ಮುಂಚೆ ಮಾಡೆಲ್ ನಂಬರ್ ಹಾಕಿ ಅವರ ರಿಪೋರ್ಟ್ ತೆಗೆದು ನೋಡಿ, ಗ್ರೇಡ್ ನೋಡಿ ಮುಚ್ಚಿಬಿಡಬೇಡಿ, ನಿಮ್ಮ ಪಿಸಿ 250 ವ್ಯಾಟ್ ಎಳೆಯೋದಾದ್ರೆ ಸದ್ದಿನ ಗ್ರಾಫಲ್ಲಿ 250ರ ಹತ್ರ ಎಷ್ಟಿದೆ ಅಂತ ಅಲ್ಲೇ ಬೆರಳಿಟ್ಟು ನೋಡಿ.