ಡಿಐ ಇಲ್ಲದೆ ಒಂದು ಟೇಕ್ ಕೂಡ ಬೇಡ

ಬ್ರೋ, ನಿಮ್ಮ ಪೋಸ್ಟ್ ಓದಿ ಸುಮ್ನಿರೋಕೆ ಆಗಲಿಲ್ಲ. ಟೆಕ್ನಿಕಲ್ ಡೆತ್ ಮೆಟಲ್ ಬ್ಯಾಂಡ್, ಮೊದಲ ಆಲ್ಬಂ, ಎಂಟು ಹಾಡು, ಮಳೆ ಜೋರಾಗುವ ಮುಂಚೆ ವಿರಾಜಪೇಟೆ ಮನೆಯಲ್ಲೇ ಗಿಟಾರ್ ಮುಗಿಸಬೇಕು ಅಂದಿದ್ದೀರಿ. ಟೋನ್ ಸೆಟ್ ಆಗಿದೆ, ಅದಕ್ಕೇ ಪೆಡಲ್‌ನಿಂದ ಡಿಸ್ಟಾರ್ಷನ್ ಸಮೇತ ನೇರ ಕಂಪ್ಯೂಟರ್ ರೆಕಾರ್ಡಿಂಗಿನ ಇಂಟರ್‌ಫೇಸ್‌ಗೆ ಹಾಕುತ್ತಿದ್ದೇವೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಡಿಐ, ಅಂದರೆ ಎಫೆಕ್ಟ್ ಏನೂ ಸೇರದ ಗಿಟಾರಿನ ಹಸಿ ಸಿಗ್ನಲ್, ರೆಕಾರ್ಡ್ ಆಗಲೇಬೇಕು.

ಮಡಿಕೇರಿಯಲ್ಲಿ ನಾವು ಇದನ್ನೇ ಮಾಡಿದ್ದೆವು. ಕಕ್ಕಡ ತಿಂಗಳ ಜೋರು ಮಳೆ, ಬಾಗಿಲು ಹಾಕಿಕೊಂಡು ಇಬ್ಬರು ಗಿಟಾರಿಸ್ಟ್‌ಗಳು ಹದಿನೈದು ದಿನ ಕೂತು ಆರು ಹಾಡು ನುಡಿಸಿದೆವು. ಹೆಡ್‌ಫೋನ್‌ನಲ್ಲಿ ಭಾರಿ ಚೆನ್ನಾಗಿತ್ತು. ಕಾಫಿ ಕೊಯ್ಲು ಮುಗಿದ ಮೇಲೆ ಡ್ರಮ್, ಬೇಸ್ ಸೇರಿಸಿ ಕೇಳಿದರೆ ಸ್ವೀಪ್, ಟ್ರೆಮೊಲೊ ಅಂತ ವೇಗವಾಗಿ ನುಡಿಸಿದ್ದೆಲ್ಲ ಗಂಜಿ. ಗೇನ್, ಅಂದರೆ ಡಿಸ್ಟಾರ್ಷನ್ ಪ್ರಮಾಣ, ಜಾಸ್ತಿ ಆಗಿತ್ತು, ಅಷ್ಟೇ ಕಾರಣ. ಕಡಿಮೆ ಮಾಡೋಣ ಅಂದರೆ ಅದು ಟ್ರ್ಯಾಕ್‌ನಲ್ಲೇ ಬೆಂದುಹೋಗಿದೆ, ಡಿಐ ಒಂದೂ ಇಲ್ಲ. ಅಷ್ಟರಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದ. ಮೂರು ಹಾಡು ಕೈಬಿಟ್ಟೆವು. ಉಳಿದ ಮೂರರಲ್ಲಿ ಅವನ ಭಾಗವನ್ನು ಆ ಗಂಜಿಯಲ್ಲೇ ಕೇಳಿ ಕೇಳಿ ಕಲಿತು ನಾನೇ ಮತ್ತೆ ನುಡಿಸಿದೆ. ಒಂದು ಹಾರ್ಮನಿ ಅವನು ಏನು ನುಡಿಸಿದ್ದ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ, ಅವನಿಗೂ ನೆನಪಿಲ್ಲ. ಆ ನೋವು ಇನ್ನೂ ಇದೆ.

ಲೆಕ್ಕ ನೋಡಿ. ನಿಮಿಷಕ್ಕೆ 240 ಬೀಟ್ ವೇಗದಲ್ಲಿ, ಬೀಟಿಗೆ ನಾಲ್ಕು ನೋಟಿನ ಸಿಕ್ಸ್‌ಟೀಂತ್ ಅಂದರೆ ಸೆಕೆಂಡಿಗೆ 16 ನೋಟ್, ಒಂದೊಂದಕ್ಕೆ ಸುಮಾರು 62 ಮಿಲಿಸೆಕೆಂಡ್. ಗೇನ್ ಜಾಸ್ತಿ ಆದರೆ ಒಂದರ ಬಾಲ ಇನ್ನೊಂದರ ತಲೆ ಮೇಲೆ ಬೀಳುತ್ತದೆ. ಒಬ್ಬರೇ ನುಡಿಸುವಾಗ ಸಪ್ಪೆ ಅನ್ನಿಸುವಷ್ಟು ಗೇನ್ ಇಡಿ, ಅದೇ ಭಾಗ ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಹಾಕಿದಾಗ ತಾನಾಗಿ ದಪ್ಪ ಬರುತ್ತದೆ.

ಗಿಟಾರ್ ನೇರ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ, 24 ಬಿಟ್, ಪೀಕ್ ಮೈನಸ್ 10 ಡಿಬಿ ಆಸುಪಾಸು. ಕೇಳೋಕೆ ಮಾತ್ರ ಆಂಪ್ ಸಿಮ್, ಅಂದರೆ ಆಂಪ್ಲಿಫೈಯರ್ ಸದ್ದು ಕೊಡುವ ಸಾಫ್ಟ್‌ವೇರ್. ಬಫರ್ 128 ಸ್ಯಾಂಪಲ್‌ಗಿಂತ ಮೇಲೆ ಹೋದರೆ ಸದ್ದು ತಡವಾಗಿ ಕೇಳಿ ನುಡಿಸುವಾಗ ಕೈ ಎಳೆದಹಾಗೆ ಆಗುತ್ತದೆ. ಆ ಪೆಡಲ್ ಬೇಕೇ ಬೇಕು ಅಂದರೆ ಡಿಐ ಬಾಕ್ಸ್‌ನಿಂದ ಎರಡು ದಾರಿ ಮಾಡಿ, ಒಂದು ಪೆಡಲ್‌ಗೆ, ಒಂದು ಹಸಿ ಸಿಗ್ನಲ್. ಬೇಸ್‌ಗೂ ಅಷ್ಟೇ. ದುಬಾರಿ ಪ್ಲಗಿನ್ ಕೊಳ್ಳಬೇಡಿ, ರೆಕಾರ್ಡಿಂಗ್‌ಗೆ ರೀಪರ್ ಸಾಫ್ಟ್‌ವೇರ್ ಮತ್ತು ಒಂದು ಉಚಿತ ಆಂಪ್ ಸಿಮ್ ಸಾಕು.

ಡ್ರಮ್ ಕೈಯಲ್ಲಿ ನುಡಿಸದೆ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಮಾಡಿದರೆ ಮರ್ಯಾದೆ ಹೋಗುತ್ತೆ ಅಂತ ಮೇಲೆ ಯಾರೋ ಬರೆದಿದ್ದಾರೆ. ಕೇಳಬೇಡಿ. ಟೆಕ್ ಡೆತ್ ಬ್ಯಾಂಡ್ ನೆಕ್ರೋಫೇಜಿಸ್ಟ್‌ನ ಮೊದಲ ಆಲ್ಬಂ, 1999ರದ್ದು, ಡ್ರಮ್ ಪೂರ್ತಿ ಪ್ರೋಗ್ರಾಂ ಮಾಡಿದ್ದೇ. 2004ರಲ್ಲಿ ಡ್ರಮ್ ಸೌಂಡ್ ಬದಲಾಯಿಸಿ ಮತ್ತೆ ಬಿಟ್ಟರು. ನೀವೂ ಡ್ರಮ್ ಪ್ರೋಗ್ರಾಂನ ಮಿಡಿ ಫೈಲ್ ಉಳಿಸಿಕೊಳ್ಳಿ, ಸೌಂಡ್ ಆಮೇಲೆ ಬದಲಾಯಿಸಬಹುದು. ಆದರೆ ಡ್ರಮ್ ಆಮೇಲೆ ಅನ್ನಬೇಡಿ, ತಾಳ ಹಿಡಿಯುವ ಕ್ಲಿಕ್ ಮತ್ತು ಕಚ್ಚಾ ಡ್ರಮ್ ಮೊದಲು, ಗಿಟಾರ್ ಅದರ ಮೇಲೆ.

ಇನ್ನು ನಮ್ಮ ಹವೆ. ಈ ತೇವಕ್ಕೆ ಗಿಟಾರಿನ ನೆಕ್ ಬಾಗುತ್ತದೆ, ಇಂಟೊನೇಷನ್ ಜಾರಿ ಸ್ವರ ತಪ್ಪುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಇರಲ್ಲ. ಹಾಗಾಗಿ ಪ್ರತಿ ಟೇಕ್ ಮುಂಚೆ ಟ್ಯೂನರ್. ಸಾದಾ ತಂತಿ ನನಗೆ ಮಳೆಗಾಲದಲ್ಲಿ ಒಂದು ವಾರ ಬಾಳಲ್ಲ, ಲೇಪನ ಇರುವ ಎಲಿಕ್ಸಿರ್ ತಂತಿ ಹಾಕುತ್ತೇನೆ. ಬೆಲೆ ಜಾಸ್ತಿ, ಕೆಲವರಿಗೆ ಕೈಗೆ ಜಾರುತ್ತದೆ, ಆದರೂ ಬೇರೆಯದಕ್ಕೆ ಹೋಗಲ್ಲ. ಏಳನೇ ತಂತಿ ಎ (A) ಸ್ವರಕ್ಕೆ ಇಳಿಸಿದ್ದರೆ 62 ಗೇಜಿಗಿಂತ ತೆಳ್ಳಗೆ ಬೇಡ, ಗಟ್ಟಿ ಹೊಡೆದರೆ ಶುರುವಿನಲ್ಲಿ ಪಿಚ್ ಏರುತ್ತದೆ. ಇನ್ವರ್ಟರ್ ಓಡುವಾಗ ರೆಕಾರ್ಡ್ ಮಾಡಬೇಡಿ, ನಮ್ಮಲ್ಲಿ ಗುಂಯ್ ಅನ್ನೋದು ಎಲ್ಲದಕ್ಕೂ ಸೇರಿಕೊಂಡಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿಸಿ.

ವೋಕಲ್ಸ್ ಮಳೆ ನಿಂತ ಮೇಲೆಯೇ. ಶೀಟಿನ ಮೇಲೆ ಮಳೆ ಬಿದ್ದರೆ ಆ ಸದ್ದನ್ನು ಯಾವ ನಾಯ್ಸ್ ಗೇಟ್ ಕೂಡ ತೆಗೆಯಲ್ಲ. ಕಂಡೆನ್ಸರ್ ಮೈಕ್ ತೇವಕ್ಕೆ ಚಿಟಚಿಟ ಅನ್ನುತ್ತೆ, ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿಡಿ. ಗಂಟಲಿನಿಂದ ಗುರುಗುಟ್ಟುವ ಗ್ರೌಲ್‌ಗೆ ಶೂರ್ ಎಸ್‌ಎಂ 58 ಮೈಕ್ ಧಾರಾಳ. ಮೈಕ್ ತಲೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಎಷ್ಟು ಸಲ ಹೇಳೋದು ಈ ಗುಂಪಿನಲ್ಲಿ.

ಮತ್ತೆ ಈ ಗಡಿಬಿಡಿ ಯಾಕೆ? ಅಮೆರಿಕದ ಸಿನಿಕ್ ಬ್ಯಾಂಡಿನವರ ಮೊದಲ ಆಲ್ಬಂ 1992ರ ಆಂಡ್ರ್ಯೂ ಚಂಡಮಾರುತದ ದೆಸೆಯಿಂದ ತಡವಾಗಿ 1993ರಲ್ಲಿ ಬಂತು. ತಡವಾಯಿತು ಅಂತ ಈಗ ಯಾರಾದರೂ ದೂರುತ್ತಾರಾ? ಕಾವೇರಿ ಸಂಕ್ರಮಣ ಕಳೆದ ಮೇಲೆ ಮಾಡಿ ಬೇಕಾದರೆ.

ಈಗಾಗಲೇ ನುಡಿಸಿದ ಎರಡು ಹಾಡು ಡಿಲೀಟ್ ಮಾಡಬೇಡಿ, ಗೈಡ್ ಟ್ರ್ಯಾಕ್ ಆಗಿ ಬೇಕಾಗುತ್ತದೆ. ಇವತ್ತು ರಾತ್ರಿ ಒಂದು ರಿಫ್ ಡಿಐ ಮಾಡಿ ಗುಂಪಿಗೆ ಹಾಕಿ, ನಾನು ಅದನ್ನು ಆಂಪ್‌ನಲ್ಲಿ ಹಾಯಿಸಿ (ರೀಆಂಪ್ ಮಾಡಿ) ಕಡಿಮೆ ಗೇನ್‌ನದ್ದು, ಜಾಸ್ತಿ ಗೇನ್‌ನದ್ದು ಎರಡೂ ಕಳಿಸುತ್ತೇನೆ.