ಎಳೆಯ ನಕ್ಷತ್ರಗಳ ಹುದ್ದೆ, ಕೇಳಲು ಹಿಂಜರಿದ ಪ್ರಶ್ನೆಗಳು

ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಆಕೆಗೆ 32 ವರ್ಷ. ಸೂರ್ಯನಿಂದ ಹೊಮ್ಮುವ ರೇಡಿಯೋ ಸ್ಫೋಟಗಳ ಬಗ್ಗೆ, ಮುಖ್ಯವಾಗಿ ಗೌರಿಬಿದನೂರಿನ ವೀಕ್ಷಣಾಲಯದ ದತ್ತಾಂಶವನ್ನು ಆಧರಿಸಿ, ಪಿಎಚ್‌ಡಿ ಮುಗಿಸಿದ್ದರು. ಪತಿ ಮಲೆನಾಡಿನ ಊರೊಂದರಲ್ಲಿ ಕಾಲೇಜು ಉಪನ್ಯಾಸಕರು. ಡಿಸೆಂಬರ್ ತಿಂಗಳ ನಡುವಿನಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ, ಪಿಎಚ್‌ಡಿ ನಂತರದ ಎರಡು ವರ್ಷದ ಸಂಶೋಧನಾ ಕೆಲಸವಾದ ಪೋಸ್ಟ್‌ಡಾಕ್ ಹುದ್ದೆಗೆ ಕರೆ ಬಂದಿತ್ತು. ಎಳೆಯ ನಕ್ಷತ್ರಗಳಲ್ಲಿ ಕಾಣಿಸಿಕೊಳ್ಳುವ ರೇಡಿಯೋ ಜ್ವಾಲೆಗಳ, ಅಂದರೆ ರೇಡಿಯೋ ಅಲೆಗಳಲ್ಲಿ ಹಠಾತ್ತನೆ ಏರುವ ಹೊಳಪಿನ, ಅಧ್ಯಯನವೇ ಅಲ್ಲಿನ ಕೆಲಸ. ಹತ್ತು ದಿನಗಳೊಳಗೆ ಒಪ್ಪಿಗೆ ತಿಳಿಸಬೇಕೆಂದು ಪತ್ರದಲ್ಲಿತ್ತು.

ಪತ್ರ ಬಂದಂದಿನಿಂದ ಆಕೆಗೆ ಸರಿಯಾಗಿ ನಿದ್ದೆ ಇರಲಿಲ್ಲ. "ಹೋಗಲೋ ಬೇಡವೋ, ನೀವೇ ಹೇಳಿಬಿಡಿ" ಎಂಬುದು ಮೊದಲ ಭೇಟಿಯಲ್ಲಿ ಆಕೆ ಆಡಿದ ಮೊದಲ ಮಾತು. ಊಟ, ಕೆಲಸ, ಜನರೊಂದಿಗಿನ ಒಡನಾಟ ಎಲ್ಲವೂ ಎಂದಿನಂತೆಯೇ ಇದ್ದುದರಿಂದ, ಖಿನ್ನತೆಯ ಲಕ್ಷಣಗಳು ಕಾಣದ್ದರಿಂದ, ಮನೋವೈದ್ಯರ ಬಳಿಗೆ ಕಳಿಸುವ ಅಗತ್ಯ ನನಗೆ ತೋರಲಿಲ್ಲ. ಇಂಥ ಕೋರಿಕೆಗೆ ಹೌದು ಎಂದೋ ಇಲ್ಲ ಎಂದೋ ಉತ್ತರಿಸುವುದು ಸಲಹೆಗಾರರ ಕೆಲಸವಲ್ಲ. ಉತ್ತರಿಸಿದರೂ ಅದು ನಿಲ್ಲುವುದಿಲ್ಲ, ಮನೆ ತಲುಪುವಷ್ಟರಲ್ಲಿ ಅದೇ ಗೊಂದಲ ಮತ್ತೆ ತಲೆ ಎತ್ತಿರುತ್ತದೆ.

ಭಯಕ್ಕೆ ಆಕೆ ಕೊಟ್ಟ ಕಾರಣ ಒಂದೇ: "ನಾನು ಸೂರ್ಯನ ಮೇಲೆ ಕೆಲಸ ಮಾಡಿದವಳು, ನಕ್ಷತ್ರಗಳ ವಿಷಯ ನನಗೇನು ಗೊತ್ತು? ಆಯ್ಕೆಯಲ್ಲೇ ಏನೋ ತಪ್ಪಾಗಿರಬೇಕು." ಸೂರ್ಯನೂ ಒಂದು ನಕ್ಷತ್ರವೇ ಅಲ್ಲವೇ ಎಂದು ಯಾರಾದರೂ ಸಮಾಧಾನ ಹೇಳಬಹುದು, ಅವರ ಪತಿ ಅದನ್ನು ಆಗಲೇ ಹೇಳಿಯೂ ಇದ್ದರು. ಆದರೆ ಆಕೆಯ ಅಳುಕಿನಲ್ಲಿ ಸ್ವಲ್ಪ ನಿಜವಿತ್ತು, ಆ ನಿಜವನ್ನು ಬೇರ್ಪಡಿಸದೆ ಸಮಾಧಾನ ಹೇಳಿ ಪ್ರಯೋಜನವಿರಲಿಲ್ಲ. ಹಾಗಾಗಿ ಎರಡನೆಯ ಭೇಟಿಗೆ ಬರುವಾಗ ತಮ್ಮ ಪ್ರಬಂಧದ ಯಾವುದಾದರೂ ಒಂದು ಚಿತ್ರವನ್ನು ತಂದು ನನಗೆ ವಿವರಿಸಬೇಕೆಂದು ಕೇಳಿದೆ.

ಆಕೆ ತಂದ ಮುದ್ರಿತ ಹಾಳೆಯಲ್ಲಿ ಅಡ್ಡಲಾಗಿ ಸಮಯ, ಉದ್ದಕ್ಕೆ ಆವರ್ತನ ಇದ್ದವು, ನಡುವೆ ಮೇಲಿನಿಂದ ಕೆಳಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಇಳಿದ ಒಂದು ಹೊಳೆಯುವ ಗೆರೆ. ಸೂರ್ಯನ ವಾತಾವರಣದಿಂದ ಅತಿವೇಗದ ಎಲೆಕ್ಟ್ರಾನುಗಳು ಹೊರಕ್ಕೆ ಧಾವಿಸುವಾಗ ಸುತ್ತಲಿನ ಪ್ಲಾಸ್ಮಾದ (ವಿದ್ಯುದಾವೇಶದ ಕಣಗಳಿರುವ ಬಿಸಿ ಅನಿಲದ) ಸಾಂದ್ರತೆ ಕಡಿಮೆಯಾಗುತ್ತ ಹೋಗುವುದರಿಂದ, ಅಲ್ಲಿ ಹುಟ್ಟುವ ರೇಡಿಯೋ ಅಲೆಯ ಆವರ್ತನವೂ ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ ಎಂದು ಬೆರಳಿನಿಂದ ಗೆರೆಯನ್ನು ಸವರುತ್ತ ವಿವರಿಸಿದರು. ಖಗೋಳವಿಜ್ಞಾನ ನನ್ನ ಕ್ಷೇತ್ರವಲ್ಲ, ಆದರೂ ನನಗೆ ಅರ್ಥವಾಯಿತು. ತಾನು ಅನರ್ಹೆ ಎಂದು ಹೇಳಿಕೊಳ್ಳುವವರು ಸಾಮಾನ್ಯವಾಗಿ ಹೀಗೆ ವಿವರಿಸಲಾರರು.

ಎಳೆಯ ನಕ್ಷತ್ರಗಳ ಕಡೆ ಇದರಲ್ಲಿ ಏನು ಬೇರೆ ಎಂದು ಕೇಳಿದೆ. ಅಲ್ಲಿನ ಜ್ವಾಲೆಗಳನ್ನು ಸಾಮಾನ್ಯವಾಗಿ ಗಿಗಾಹರ್ಟ್ಸ್ ಮಟ್ಟದ ಆವರ್ತನಗಳಲ್ಲಿ ನೋಡುತ್ತಾರೆ, ಕಾಂತಕ್ಷೇತ್ರದ ಬಲರೇಖೆಗಳ ಸುತ್ತ ಸುರುಳಿ ಸುತ್ತುವ ಎಲೆಕ್ಟ್ರಾನುಗಳೇ ಬಹುಪಾಲು ಅವುಗಳ ಮೂಲ. ತಮ್ಮ ದತ್ತಾಂಶ ಮೆಗಾಹರ್ಟ್ಸ್ ಮಟ್ಟದ್ದು, ಅಲೆ ಹುಟ್ಟುವ ಬಗೆಯೇ ಬೇರೆ ಎಂದರು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 27 ಆಂಟೆನಾಗಳಿರುವ ವೆರಿ ಲಾರ್ಜ್ ಅರೇ ಎಂಬ ರೇಡಿಯೋ ದೂರದರ್ಶಕದಿಂದ ಓರಿಯನ್ ನೀಹಾರಿಕೆಯ ನಕ್ಷತ್ರಗುಚ್ಛವನ್ನು ದೀರ್ಘಕಾಲ ನೋಡಿದಾಗ ಐನೂರಕ್ಕೂ ಹೆಚ್ಚು ರೇಡಿಯೋ ಆಕರಗಳು ಸಿಕ್ಕಿವೆ. ಕಿಕ್ಕಿರಿದ ಅಂಥ ಚಿತ್ರದಿಂದ ಒಂದೊಂದು ನಕ್ಷತ್ರದ ಏರಿಳಿತವನ್ನು ಬಿಡಿಸಿ ತೆಗೆಯುವ ಕೆಲಸವನ್ನು ತಾವು ಮಾಡಿದವರಲ್ಲ ಎಂದೂ ಸೇರಿಸಿದರು. ಇದನ್ನೆಲ್ಲ ಒಂದು ಕಾಗದದಲ್ಲಿ ಎರಡು ಭಾಗ ಮಾಡಿ ಬರೆಯಲು ಹೇಳಿದೆ: ಇನ್ನೂ ಕಲಿಯಬೇಕಾದದ್ದು ಒಂದು ಕಡೆ, ಕೈಯಲ್ಲಾಗಲೇ ಇರುವುದು ಇನ್ನೊಂದು ಕಡೆ. ಕ್ಷಣಕ್ಷಣಕ್ಕೆ ಬದಲಾಗುವ ಸಂಕೇತವನ್ನು ಓದುವ ಅಭ್ಯಾಸ, ಭೂಮಿಯ ಮೇಲಿನ ರೇಡಿಯೋ ಗದ್ದಲವನ್ನು ಆಕಾಶದ ಸಂಕೇತದಿಂದ ಬೇರೆ ಮಾಡುವ ಅನುಭವ ಎರಡನೆಯ ಕಡೆಗೆ ಹೋದವು. ಮೊದಲ ಕಡೆಯಲ್ಲಿದ್ದ ಸಂಗತಿಗಳು ಆರೇಳು ತಿಂಗಳಲ್ಲಿ ಕಲಿಯಬಹುದಾದಂಥವು ಎಂದು ಆಕೆಯೇ ಅಂದಾಜು ಮಾಡಿದರು.

ಅಲ್ಲಿಂದ ಮುಂದೆ ಮಾತು ಬೇರೆ ದಾರಿ ಹಿಡಿಯಿತು. ಎಳೆಯ ನಕ್ಷತ್ರ ಯಾವಾಗ ಭುಗಿಲೇಳುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. 2003ರ ಜನವರಿಯಲ್ಲಿ ಓರಿಯನ್‌ನ ಒಂದು ಎಳೆಯ ನಕ್ಷತ್ರ ಮಿಲಿಮೀಟರ್ ಅಲೆಗಳಲ್ಲಿ ಕೆಲವೇ ಗಂಟೆಗಳೊಳಗೆ ಐದು ಪಟ್ಟಿಗಿಂತ ಹೆಚ್ಚು ಹೊಳಪಾದದ್ದು ಕಣ್ಣಿಗೆ ಬಿದ್ದದ್ದೇ ಆಕಸ್ಮಿಕವಾಗಿ. ಎರಡು ವರ್ಷದ ನೇಮಕದಲ್ಲಿ ಜ್ವಾಲೆಗಳೇ ಕಾಣದಿದ್ದರೆ ಗತಿಯೇನು ಎಂದು ಆಕೆ ಕೇಳಿದರು. ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ಪ್ರಶ್ನೆ, ಆದರೆ ಅದನ್ನು ಕೇಳಬೇಕಾದದ್ದು ನನ್ನನ್ನಲ್ಲ. ಹುದ್ದೆಗೆ ಕರೆದ ಪ್ರಾಧ್ಯಾಪಕರನ್ನು ಕೇಳಿದ್ದೀರಾ ಎಂದರೆ, ಕೆಲಸ ಕೊಡುತ್ತೇವೆಂದವರನ್ನು ಹಾಗೆಲ್ಲ ಕೇಳಿದರೆ ಉದ್ಧಟತನವಾಗುವುದಿಲ್ಲವೇ ಎಂಬ ಉತ್ತರ ಬಂತು. ಇಷ್ಟು ದಿನಗಳ ನಿದ್ದೆಗೇಡಿನ ಮೂಲ ಇಲ್ಲಿದೆಯೆಂದು ನನಗೆ ಆಗ ಅನ್ನಿಸಿತು: ನೇಮಕಾತಿಯನ್ನು ಆಕೆ ಒಪ್ಪಂದವೆಂದು ನೋಡಿರಲಿಲ್ಲ, ದೊರೆತ ವರವೆಂದು ನೋಡಿದ್ದರು.

ಸಲಹೆಯ ಮುಖ್ಯಭಾಗ ಒಂದು ಪತ್ರವನ್ನು ಬರೆಯುವುದಾಯಿತು. ಮೊದಲ ಕರಡಿನ ಮೊದಲ ಮೂರು ವಾಕ್ಯಗಳು ಕ್ಷಮೆಯಾಚನೆಗೇ ಮೀಸಲಾಗಿದ್ದವು. ಅವನ್ನು ಹೊಡೆದುಹಾಕಿ ಧನ್ಯವಾದದ ಒಂದು ಸಾಲನ್ನು ಮಾತ್ರ ಉಳಿಸಿಕೊಂಡೆವು. ದತ್ತಾಂಶ ಈಗಾಗಲೇ ಕೈಸೇರಿದೆಯೇ ಅಥವಾ ದೂರದರ್ಶಕದ ಸಮಯಕ್ಕೆ ಇನ್ನೂ ಅರ್ಜಿ ಹಾಕಬೇಕೇ, ಹೊಸ ಜ್ವಾಲೆಗಳು ಸಿಗದಿದ್ದರೆ ಹಳೆಯ ಸಂಗ್ರಹಗಳಿಂದ ಮೊದಲ ಲೇಖನ ಬರೆಯುವ ಅವಕಾಶವಿದೆಯೇ, ಮೊದಲ ಲೇಖಕಿಯ ಸ್ಥಾನ ಯಾರದು, ಮೂರನೆಯ ವರ್ಷಕ್ಕೆ ಹಣವಿದೆಯೇ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ವೆರಿ ಲಾರ್ಜ್ ಅರೇಯ ದತ್ತಾಂಶವು ಸಾಮಾನ್ಯವಾಗಿ ಒಂದು ವರ್ಷದ ನಂತರ ಎಲ್ಲರಿಗೂ ತೆರೆದುಕೊಳ್ಳುವುದರಿಂದ ಎರಡನೆಯ ಪ್ರಶ್ನೆ ಬರಿಯ ಔಪಚಾರಿಕತೆಯಾಗಿರಲಿಲ್ಲ.

ಗಡುವಿನ ಬಗ್ಗೆಯೂ ಬರೆಯುವಂತೆ ಸೂಚಿಸಿದೆ. ಪೋಸ್ಟ್‌ಡಾಕ್ ಆಹ್ವಾನಗಳಿಗೆ ಫೆಬ್ರವರಿ 15ಕ್ಕೆ ಮೊದಲು ಉತ್ತರಿಸಲು ಒತ್ತಾಯಿಸಬಾರದೆಂಬ ನೀತಿ ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿಯದ್ದು ಎಂದು ಆಕೆಯೇ ಹೇಳಿದ್ದರು. ಅದು ಜರ್ಮನಿಯ ವಿಶ್ವವಿದ್ಯಾಲಯವನ್ನು ಕಟ್ಟಿಹಾಕುವ ಕಾನೂನಲ್ಲ. ಆದರೂ ಕ್ಷೇತ್ರದೊಳಗೆ ಎಲ್ಲರಿಗೂ ಪರಿಚಿತವಾದ ರೂಢಿಯನ್ನು ವಿನಯದಿಂದ ನೆನಪಿಸಿ ಹೆಚ್ಚಿನ ಸಮಯ ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ.

ಪತಿಯೂ ಜೊತೆಗೆ ಬಂದ ಮೂರನೆಯ ಭೇಟಿಯಲ್ಲಿ, ಅದುವರೆಗೆ ಇಬ್ಬರೂ ಬಾಯಿಬಿಟ್ಟು ಹೇಳದಿದ್ದ ಸಂಗತಿ ಹೊರಬಂತು: ಈ ಎರಡು ವರ್ಷಗಳಲ್ಲಿ ಮಗುವಾಗಬೇಕೆಂಬ ಆಸೆ ಇಬ್ಬರಿಗೂ ಇತ್ತು, ಅದನ್ನು ಹೇಳಿದರೆ ಇನ್ನೊಬ್ಬರಿಗೆ ಭಾರವಾದೀತೆಂದು ಇಬ್ಬರೂ ಸುಮ್ಮನಿದ್ದರು. ಈ ವಿಷಯವನ್ನು ಪ್ರಾಧ್ಯಾಪಕರಿಗೆ ತಿಳಿಸಬೇಕಾದ ಯಾವ ಅಗತ್ಯವೂ ಈಗ ಇಲ್ಲವೆಂದೆ. ಜರ್ಮನಿಯಲ್ಲಿ ಹೆರಿಗೆಗೆ ಮುಂಚೆ ಆರು, ನಂತರ ಎಂಟು ವಾರಗಳ ರಜೆ ಅವಧಿಬದ್ಧ ನೌಕರರಿಗೂ ಸಲ್ಲುತ್ತದೆ. ಆದರೆ ಯೋಜನೆಯೊಂದರ ಹಣದಿಂದ ನಡೆಯುವ ನೇಮಕವಾದರೆ ಆ ರಜೆಯಷ್ಟು ಅವಧಿ ತಾನಾಗಿ ಮುಂದಕ್ಕೆ ಹೋಗುವ ಖಾತರಿ ಇರುವುದಿಲ್ಲ. ಇದನ್ನು ಗುಟ್ಟಾಗಿ ವಿಚಾರಿಸಲು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಮಾನಾವಕಾಶದ ಅಧಿಕಾರಿಗಳಿರುತ್ತಾರೆ, ಅವರಿಗೇ ಬರೆಯಿರಿ ಎಂದು ತಿಳಿಸಿದೆ.

ಹಿಂದಿರುಗಿ ಬಂದರೆ ಇಲ್ಲಿ ಬಾಗಿಲು ಮುಚ್ಚಿರುತ್ತದೆಯೇ ಎಂಬ ಆತಂಕ ಪತಿಯದು. ವಿದೇಶದಲ್ಲಿರುವ ಭಾರತೀಯ ವಿಜ್ಞಾನಿಗಳಿಗೆಂದೇ ಇರುವ ರಾಮಾನುಜನ್ ಫೆಲೋಶಿಪ್‌ಗೆ 40ರ ವಯೋಮಿತಿ ಇರುವುದನ್ನೂ, ಹಲವು ದೇಶಗಳು ಸೇರಿ ಕಟ್ಟುತ್ತಿರುವ ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ರೇಡಿಯೋ ದೂರದರ್ಶಕ ಯೋಜನೆಯಲ್ಲಿ ಭಾರತ ಪಾಲುದಾರನಾಗಿರುವುದರಿಂದ ರೇಡಿಯೋ ಖಗೋಳದ ಅನುಭವಕ್ಕೆ ಮುಂದೆ ಬೇಡಿಕೆ ಬರಬಹುದಾದುದನ್ನೂ ಚರ್ಚಿಸಿದೆವು. ಕೆಲಸ ಸಿಕ್ಕೇ ಸಿಗುತ್ತದೆಂಬ ಮಾತನ್ನು ನಾನು ಆಡಲಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಅಧಿಕೃತ ಪ್ರಕಟಣೆಗಳನ್ನು ಓದಿಕೊಳ್ಳಿ ಎಂದಷ್ಟೇ ಹೇಳಿದೆ.

ಪ್ರಾಧ್ಯಾಪಕರ ಉತ್ತರ ಬೇಗನೆ ಬಂತು. ಓರಿಯನ್‌ನ ದತ್ತಾಂಶ ಬಹಳಷ್ಟು ಆಗಲೇ ಕೈಯಲ್ಲಿದೆ, ಮೊದಲ ಲೇಖನ ಅದರಿಂದಲೇ ಆಗಬಹುದು, ಅದರ ಮೊದಲ ಲೇಖಕಿ ಆಕೆಯೇ ಎಂದಿದ್ದರು. ಗಡುವನ್ನು ಜನವರಿ ಕೊನೆಯವರೆಗೆ ಮುಂದೂಡಿದ್ದರು. ಮೂರನೆಯ ವರ್ಷದ ಬಗ್ಗೆ ಮಾತ್ರ "ಹಣ ದೊರೆತರೆ" ಎಂದಿತ್ತು, ಅದನ್ನು ಇಲ್ಲವೆಂದೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ ಎಂದೆ. ಆಕೆ ಹುದ್ದೆಯನ್ನು ಒಪ್ಪಿಕೊಂಡರು. ಪತಿಗೆ ಕಾಲೇಜಿನಿಂದ ವೇತನರಹಿತ ರಜೆ ಸಿಗುವುದೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಸಿಗದಿದ್ದರೆ ಮೊದಲ ವರ್ಷವನ್ನು ಬೇರೆ ಬೇರೆ ಊರುಗಳಲ್ಲಿ ಕಳೆಯುವುದು ಹೇಗೆ ಎಂಬುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.