ಟಾಸ್ ಮುಗಿದ ಕೂಡಲೇ ಎದ್ದು ಹೋಗುವವರು

ಪತ್ರ: ನಿಮ್ಮ ಪತ್ರಿಕೆಯಲ್ಲಿ ಸಣ್ಣ ಊರಿನ ವಕೀಲರೊಬ್ಬರು ಎರಡು ವರ್ಷದಿಂದ ಅಂಕಣ ಬರೆಯುತ್ತಿದ್ದಾರೆ. ಒಂದು ಸಲ ಚರಂಡಿ ಜಗಳ, ಇನ್ನೊಂದು ಸಲ ಕೋರ್ಟು, ಮತ್ತೊಂದು ಸಲ ಕ್ರಿಕೆಟ್ಟು. ವಕೀಲರಾದವರು ಕಾನೂನು ಸಲಹೆ ಕೊಡಲಿ. ಆಸ್ತಿ ಪಾಲು, ಬಾಡಿಗೆ, ಉಯಿಲು, ಚೆಕ್ ಬೌನ್ಸು ಹೀಗೆ ನಾಲ್ಕು ಜನರಿಗೆ ಉಪಯೋಗಕ್ಕೆ ಬರುವಂಥದ್ದನ್ನು ಬರೆಯಲಿ. ಕಳೆದ ಸಂಚಿಕೆಯಲ್ಲಂತೂ ಊರಿನ ಪಂದ್ಯವೊಂದರಲ್ಲಿ ಬೌಲರ್ ಚೆಂಡು ಹಾಕುವ ಬದಲು ತನ್ನ ಪಕ್ಕದ ತುದಿಯಲ್ಲಿ ಕ್ರೀಸು ಬಿಟ್ಟು ಮುಂದೆ ಹೋಗಿದ್ದ ನಾನ್-ಸ್ಟ್ರೈಕರನ್ನು ರನೌಟ್ ಮಾಡಿದ್ದರ ಬಗ್ಗೆ ಎರಡು ಪುಟ! ಅದನ್ನು ಔಟ್ ಕೊಟ್ಟ ಅಂಪೈರಿಗೆ ತಲೆ ಇಲ್ಲ. ಅದನ್ನು ಸರಿ ಎನ್ನುವ ನಿಮ್ಮ ವಕೀಲರಿಗೆ ಏನು ಹೇಳಬೇಕೋ ಗೊತ್ತಿಲ್ಲ.
ಒಬ್ಬ ಹಳೆಯ ಚಂದಾದಾರ (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಹಳೆಯ ಚಂದಾದಾರರೇ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಮೇಲೆ ಹಾಕಿರುವುದು ಅದರ ಸಾರ ಮಾತ್ರ. ಒಂದು ವಿಷಯವನ್ನು ನೀವೇ ಗಮನಿಸಿದ ಹಾಗಿಲ್ಲ. ವಕೀಲರು ಆಟದ ಬಗ್ಗೆ ಬರೆಯಬಾರದು ಎನ್ನುವುದಕ್ಕೆ ನೀವು ಕೊಟ್ಟದ್ದು ಅರ್ಧ ಪುಟ. ಆ ರನೌಟ್ ತಪ್ಪು ಎಂದು ವಾದಿಸಲು ಮೂರೂವರೆ ಪುಟ! ಅಂಕಣಕಾರರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತ ಅಲ್ಲ. ಕಾನೂನು ಸಲಹೆಯ ಪುಟ ಜನರಿಗೆ ಬೇಕು, ಒಪ್ಪಿದೆ. ಇವರ ಬರಹ ಅಲೆದಾಡುತ್ತದೆ, ಅದೂ ಒಪ್ಪಿದೆ. ಒಮ್ಮೆ ಕಾಂಪೌಂಡ್ ಗೋಡೆಯ ದಾವೆಯಿಂದ ಶುರುವಾಗಿ ಟೆನ್ನಿಸ್ ನೆಟ್ಟಿನ ಎತ್ತರಕ್ಕೆ ಬಂದು ನಿಂತಿತ್ತು. ಕತ್ತರಿ ಹಿಡಿದು ಕೂತೆ. ಎಲ್ಲಿ ಕತ್ತರಿಸಿದರೂ ರಕ್ತ ಬರುತ್ತದೆ ಅನ್ನಿಸಿ ಹಾಗೇ ಬಿಟ್ಟೆ. ಅವರ ಹಳೇ ಜೋಕು ಒಂದಿದೆ: ಕ್ರಿಕೆಟ್ಟಿನಲ್ಲಿ ಬೇಲ್ ಬಿದ್ದರೆ ಔಟ್, ಕೋರ್ಟಿನಲ್ಲಿ ಬೇಲ್ ಸಿಕ್ಕರೆ ಔಟ್. ಅದನ್ನು ಮೂರು ಸಲ ಅಂಕಣದಿಂದ ತೆಗೆದುಹಾಕಿದ್ದೇನೆ. ಈಗ ನೋಡಿ, ನಾನೇ ಅಚ್ಚು ಮಾಡಿಬಿಟ್ಟೆ.

ಆದರೆ ಕಾನೂನು ಬೇರೆ, ಆಟ ಬೇರೆ, ಊರಿನ ಸುದ್ದಿ ಬೇರೆ, ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡಿ ಎನ್ನುತ್ತೀರಲ್ಲ, ಅಲ್ಲಿ ನನ್ನದು ತಕರಾರು. ಕ್ರಿಕೆಟ್ಟಿನ ನಿಯಮಗಳಿಗೆ ಇಂಗ್ಲಿಷಿನವರು ರೂಲ್ಸ್ ಅನ್ನುವುದಿಲ್ಲ, ಲಾಸ್ ಅನ್ನುತ್ತಾರೆ. 1744ರಲ್ಲಿ ಬರೆದಿಟ್ಟಾಗಿನಿಂದಲೂ ಅವು ಕಾನೂನುಗಳೇ. ಅದರಲ್ಲಿ ಅಪೀಲು ಎಂಬುದೊಂದಿದೆ. ಬ್ಯಾಟ್ಸ್‌ಮನ್ ಎಷ್ಟೇ ಸ್ಪಷ್ಟವಾಗಿ ಔಟಾಗಿದ್ದರೂ ಯಾರೂ ಕೇಳದಿದ್ದರೆ ಅಂಪೈರ್ ತಾನಾಗಿ ಬೆರಳೆತ್ತುವ ಹಾಗಿಲ್ಲ. ಫಿರ್ಯಾದಿ ಇಲ್ಲದೆ ತೀರ್ಪಿಲ್ಲ. ಸಿವಿಲ್ ಕೋರ್ಟು ನಡೆಯುವುದೂ ಹೀಗೇ ಅಲ್ವಾ?

ಈಗ ಕಥೆಗೆ ಬರುತ್ತೇನೆ. 1947ರ ಆಗಸ್ಟ್. ಮ್ಯಾಂಚೆಸ್ಟರಿನ ಚೀಥಮ್‌ನಲ್ಲಿ ಒಂದು ಸಾಧಾರಣ ಕ್ಲಬ್ಬಿನ ಪಂದ್ಯ. ಎದುರು ತಂಡದವನೊಬ್ಬ ಎತ್ತಿ ಬಾರಿಸಿದ. ಚೆಂಡು ಬೇಲಿ ದಾಟಿ, ಸುಮಾರು 100 ಗಜ ದೂರದಲ್ಲಿ ತನ್ನ ಮನೆ ಮುಂದಿನ ರಸ್ತೆಯಲ್ಲಿ ನಿಂತಿದ್ದ ಮಿಸ್ ಸ್ಟೋನ್ ಎಂಬಾಕೆಗೆ ಬಡಿಯಿತು. ಆಕೆ ದಾವೆ ಹೂಡಿದಳು. ಮೂವತ್ತು ವರ್ಷದಲ್ಲಿ ಚೆಂಡು ಹಾಗೆ ಹೊರಗೆ ಹೋದದ್ದು ಆರೇಳು ಸಲ ಅಂತ ಸಾಕ್ಷಿ ಬಂತು. ಮೊದಲ ಕೋರ್ಟಿನಲ್ಲಿ ಆಕೆ ಸೋತಳು. ಮೇಲ್ಮನವಿಯಲ್ಲಿ ಗೆದ್ದಳು. 1951ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮತ್ತೆ ಸೋತಳು. ಅಷ್ಟು ಅಪರೂಪದ ಅಪಾಯಕ್ಕೆ ಕ್ಲಬ್ಬನ್ನು ಹೊಣೆ ಮಾಡಲಾಗದು ಎಂದರು ನ್ಯಾಯಮೂರ್ತಿಗಳು. ಅಜಾಗರೂಕತೆ ಅಂದರೇನು ಎಂದು ಇವತ್ತಿಗೂ ಕಾನೂನು ಕಾಲೇಜುಗಳಲ್ಲಿ ಪಾಠ ಮಾಡುವಾಗ ಆ ಸಿಕ್ಸರ್ ಬಂದೇ ಬರುತ್ತದೆ.

ಅದು ಮುಗಿದು 26 ವರ್ಷಕ್ಕೆ ಇನ್ನೊಂದು. ಡರಮ್ ಕೌಂಟಿಯ ಲಿಂಟ್ಸ್ ಎಂಬ ಹಳ್ಳಿ. ಎಪ್ಪತ್ತು ವರ್ಷದಿಂದ ಕ್ರಿಕೆಟ್ ಆಡುತ್ತಿದ್ದ ಮೈದಾನ. ಪಕ್ಕದ ಹೊಲ ಮಾರಾಟವಾಗಿ ಅಲ್ಲಿ ಮನೆಗಳೆದ್ದವು. ಹೊಸದಾಗಿ ಬಂದ ದಂಪತಿ, ನಮ್ಮ ಹಿತ್ತಿಲಿಗೆ ಚೆಂಡು ಬೀಳುತ್ತದೆ, ಆಟ ನಿಲ್ಲಿಸಿ ಎಂದು ಕೋರ್ಟಿಗೆ ಹೋದರು. ಕೆಳಗಿನ ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟೇಬಿಟ್ಟರು. ಮೇಲ್ಮನವಿ ಇಂಗ್ಲೆಂಡಿನ ಹೆಸರಾಂತ ನ್ಯಾಯಮೂರ್ತಿ ಲಾರ್ಡ್ ಡೆನಿಂಗ್ ಇದ್ದ ಪೀಠಕ್ಕೆ ಬಂತು. ಅವರು ತೀರ್ಪು ಶುರು ಮಾಡಿದ್ದೇ ಬೇಸಿಗೆಯ ಹಳ್ಳಿ ಕ್ರಿಕೆಟ್ಟಿನ ಸೊಗಸು ಹೊಗಳುತ್ತಾ. ಮೊದಲು ಆ ಹೊಲದಲ್ಲಿ ದನ ಮೇಯುತ್ತಿದ್ದವು, ದನಗಳಿಗೆ ಕ್ರಿಕೆಟ್ಟಿನಿಂದ ಏನೂ ತೊಂದರೆ ಇರಲಿಲ್ಲ ಎಂಬ ಅರ್ಥದ ಮಾತೂ ಅದರಲ್ಲಿದೆ. ಕೋರ್ಟಿನ ದಾಖಲೆಯಲ್ಲಿ! ಜೊತೆಗಿದ್ದ ಇಬ್ಬರು ನ್ಯಾಯಮೂರ್ತಿಗಳು ಕ್ಲಬ್ಬಿನದು ತಪ್ಪೇ ಎಂದರು. ಆದರೂ ಆಟ ನಿಲ್ಲಿಸಬೇಕಿಲ್ಲ, ಪರಿಹಾರ ಕೊಟ್ಟರೆ ಸಾಕು ಎಂದು ಬಹುಮತ ಬಂತು. ತಡೆಯಾಜ್ಞೆ ಹೋಯಿತು.

ಈ ಎರಡು ಕೇಸನ್ನು ಯಾಕೆ ಹೇಳಿದೆ ಅಂದರೆ, ಎರಡರಲ್ಲೂ ನಡುವೆ ಎದ್ದು ಹೋದವನು ಸುಳ್ಳು ಸುದ್ದಿ ಕೊಡುತ್ತಾನೆ. ಮಿಸ್ ಸ್ಟೋನ್ ಗೆದ್ದಳು ಎಂದು ಅವನು ಬರೆದರೆ ಅದು ಆ ದಿನಕ್ಕೆ ನಿಜ. ಲಿಂಟ್ಸ್ ಮೈದಾನ ಮುಚ್ಚಿತು ಎಂದರೆ ಅದೂ ಆ ದಿನಕ್ಕೆ ನಿಜ. ಕೊನೆಯವರೆಗೂ ಕೂತವನಿಗೆ ಮಾತ್ರ ಸ್ಕೋರ್ ಗೊತ್ತು.

ಇದು ನನ್ನ ಹಳೇ ಗಾಯ. ಕೆರೆದಿದ್ದು ನೀವು, ಹಾಗಾಗಿ ಪೂರ್ತಿ ಕೇಳಿಸಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಒಬ್ಬ ಟೈಲರ್ ಮೇಲೆ ಕಳ್ಳ ಮಾಲು ಇಟ್ಟುಕೊಂಡ ಆರೋಪ ಬಂದು ಪೊಲೀಸರು ಹಿಡಿದಿದ್ದರು. ಸುದ್ದಿ ಒಳಪುಟದ ತಲೆಯಲ್ಲಿ ಫೋಟೋ ಸಮೇತ ಬಂದಿತ್ತು. ಆರು ವರ್ಷದ ಮೇಲೆ ಅವರು ಕಚೇರಿಗೆ ಬಂದರು. ಕೈಯಲ್ಲಿ ತೀರ್ಪಿನ ನಕಲು, ಕೋರ್ಟಿನ ಮೊಹರು ಬಿದ್ದದ್ದು. ಖುಲಾಸೆ. ಇದನ್ನೂ ಹಾಕಿ ಸಾರ್ ಎಂದರು. ಹಾಕಿದೆ. ಮೂಲೆಯಲ್ಲಿ ನಾಲ್ಕು ಸಾಲು. ಮಾರನೇ ದಿನ ಅವರು ಮತ್ತೆ ಬಂದರು. ಹಳೇ ಸುದ್ದಿಯ ತುಂಡು ಮತ್ತು ಹೊಸ ಸುದ್ದಿಯ ತುಂಡು ಎರಡನ್ನೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಕತ್ತಿನಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಅಳೆದರು. ಮೊದಲನೆಯದು 11 ಇಂಚು. ಎರಡನೆಯದು ಒಂದೂಕಾಲು. ಟೇಪನ್ನು ಮತ್ತೆ ಕತ್ತಿಗೆ ಹಾಕಿಕೊಂಡು, "ಬಟ್ಟೆ ಸಾಲದು ಸಾರ್" ಎಂದು ಹೇಳಿ ಹೊರಟುಹೋದರು.

ಮತ್ತೆ ದೊಡ್ಡದಾಗಿ ಹಾಕಿಸುವ ಅಧಿಕಾರ ನನಗಿರಲಿಲ್ಲ. ಮೇಲಿನವರನ್ನು ಕೇಳುವ ಧೈರ್ಯವೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಅದೇ ಕಚೇರಿಯಲ್ಲಿ, ನನ್ನಿಂದ ಎರಡು ಮೇಜು ಆಚೆ ಆಟದ ಪುಟದವರು ಕೂರುತ್ತಿದ್ದರು. ಶಾಲಾ ಮಕ್ಕಳ ಖೋ ಖೋ ಪಂದ್ಯವಾದರೂ ಸರಿ, ಫಲಿತಾಂಶ ಬರದೆ ಪುಟ ಬಿಡುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಹಿಡಿದು ಕೂಗಾಡಿ ಕೊನೆಯ ಅಂಕ ತೆಗೆದುಕೊಳ್ಳುತ್ತಿದ್ದರು. ಮೊದಲ ಹತ್ತು ಓವರಿನ ವರದಿ ಬರೆದು, ಮುಂದೇನಾಯಿತೋ ದೇವರೇ ಬಲ್ಲ ಎಂದು ಪುಟ ಮುಗಿಸಿದ ಆಟದ ವರದಿಗಾರನನ್ನು ನೀವು ನೋಡಿದ್ದೀರಾ? ಕೋರ್ಟಿನ ಸುದ್ದಿಯಲ್ಲಿ ದಿನಾ ನೋಡುತ್ತೀರಿ. ಬಂಧನ ಸುದ್ದಿ, ಖುಲಾಸೆ ಸುದ್ದಿಯಲ್ಲ. ತಡೆಯಾಜ್ಞೆ ಬಂದದ್ದು ಸುದ್ದಿ, ತೆರವಾದದ್ದು ಸುದ್ದಿಯಲ್ಲ. ಟಾಸ್ ಮುಗಿದ ಕೂಡಲೇ ಎಲ್ಲರೂ ಎದ್ದು ಮನೆಗೆ. ಈಗಂತೂ ಟಾಸಿಗೂ ಕಾಯುವುದಿಲ್ಲ, ನಾಣ್ಯ ಗಾಳಿಯಲ್ಲಿರುವಾಗಲೇ ಬ್ರೇಕಿಂಗ್ ನ್ಯೂಸು.

ಇದಕ್ಕೆ ಪತ್ರಿಕೆಯವರನ್ನು ಮಾತ್ರ ಬೈದರೆ ಸಾಲದು, ಹಳೆಯ ಚಂದಾದಾರರೇ. ನೀವೂ ಬಂಧನವನ್ನು ಓದುತ್ತೀರಿ, ಖುಲಾಸೆಯನ್ನು ದಾಟಿಹೋಗುತ್ತೀರಿ. ನಾನೂ ಅಷ್ಟೆ.

1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರು ಮಾಡಿದಾಗಲೇ ಊರ ವರ್ತಮಾನಕ್ಕೆ ಜಾಗ ಇಟ್ಟಿದ್ದರು. ಪ್ರಪಂಚದ ಸುದ್ದಿಯ ಜೊತೆಗೆ ಪಕ್ಕದ ಬೀದಿಯದ್ದೂ ಬೇಕು ಎಂದು ಜರ್ಮನಿಯಿಂದ ಬಂದವರಿಗೆ ಹೊಳೆದಿತ್ತು. ಈಗ ನಮಗೆ ಪಕ್ಕದ ಬೀದಿಯವರು ಸುದ್ದಿಯಾಗಬೇಕಾದರೆ ಕೊಲೆಯಾಗಬೇಕು. ಕೆಳಗಿನ ಕೋರ್ಟಿನಲ್ಲಿ ದಿನವಿಡೀ ಕೂತು ಬರೆದುಕೊಳ್ಳುವ ವರದಿಗಾರ ಇವತ್ತು ಎಷ್ಟು ಪತ್ರಿಕೆಗಳಲ್ಲಿದ್ದಾನೆ? ಬೆಂಚಿನ ಮೇಲೆ ಉಳಿದಿರುವವರು ಕಕ್ಷಿದಾರರು ಮತ್ತು ವಕೀಲರು. ಕಕ್ಷಿದಾರ ತನ್ನದೊಂದು ಮುಗಿದರೆ ಹೊರಡುತ್ತಾನೆ. ಹತ್ತು ವರ್ಷ ವಾಯಿದೆ ಮೇಲೆ ವಾಯಿದೆ ಬಿದ್ದರೂ, ಮೊದಲ ದಿನವನ್ನೂ ಕೊನೆಯ ದಿನವನ್ನೂ ಎರಡನ್ನೂ ನೋಡುವವನು ಸಣ್ಣ ಊರಿನ ವಕೀಲನೊಬ್ಬನೇ. ಅದಕ್ಕೇ ಇವರನ್ನು ಹಿಡಿದುಕೊಂಡು ಕೂತಿದ್ದೇನೆ. ಆ ಚರಂಡಿ ಜಗಳದ ಅಂಕಣ ನಿಮಗೆ ಬೇಸರ ತಂದಿತಲ್ಲ, ಅದರ ಕೊನೆಯ ಪ್ಯಾರಾ ಓದಿದ್ದೀರಾ? ದಾವೆ ಹೂಡಿದವರೂ ಇಲ್ಲ, ಎದುರಾಳಿಯೂ ಇಲ್ಲ, ಇಬ್ಬರ ಮಕ್ಕಳು ಸೇರಿ ರಾಜಿ ಮಾಡಿಕೊಂಡು ಒಂದೇ ಪೈಪು ಹಾಕಿಸಿದರು. ಅದನ್ನು ಬೇರೆ ಯಾರು ಬರೆಯುತ್ತಿದ್ದರು ಹೇಳಿ.

ಆಟವೆಂದರೆ ದೊಡ್ಡ ನ್ಯಾಯಾಧೀಶರಿಗೆ ತಕ್ಕದ್ದಲ್ಲ ಎಂಬ ನಿಮ್ಮ ಮಾತಿಗೂ ಒಂದು ಉತ್ತರ ಇದೆ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಗಾಲ್ಫ್ ಆಟದಲ್ಲಿ ನಡೆಯುವುದು ಆಟದ ಭಾಗವೋ ಅಲ್ಲವೋ ಎಂದು ತಲೆ ಕೆಡಿಸಿಕೊಂಡಿತ್ತು. ಕೇಸಿ ಮಾರ್ಟಿನ್ ಎಂಬ ಆಟಗಾರನಿಗೆ ಕಾಲಿನ ಕಾಯಿಲೆ, ಗಾಡಿಯಲ್ಲಿ ಹೋಗಲು ಬಿಡಿ ಎಂದು ಕೇಳಿದ್ದ. ಆಟ ನಡೆಸುವವರು ಆಗುವುದಿಲ್ಲ ಎಂದಿದ್ದರು. ಏಳು ಜನ ಅವನ ಪರ, ಇಬ್ಬರು ವಿರುದ್ಧ. ವಿರುದ್ಧ ಬರೆದ ಜಸ್ಟಿಸ್ ಸ್ಕಾಲಿಯಾ, ಗಾಲ್ಫ್ ಎಂದರೇನು ಎಂದು ನಿರ್ಧರಿಸುವ ಘನವಾದ ಹೊಣೆ ಈಗ ನಮ್ಮ ಮೇಲೆ ಬಿತ್ತು ಎಂದು ಚುಚ್ಚಿದ್ದರು. ನಿಮಗೆ ಅವರು ಇಷ್ಟವಾಗಬಹುದು.

ಇನ್ನು ನಿಮ್ಮ ಮೂರೂವರೆ ಪುಟಕ್ಕೆ. ಬೌಲರ್ ಮೊದಲು ಎಚ್ಚರಿಕೆ ಕೊಡಬೇಕಿತ್ತು, ಅದು ಆಟದ ಮರ್ಯಾದೆ ಎನ್ನುತ್ತೀರಿ. ಒಳ್ಳೆಯ ಮನಸ್ಸಿನ ಮಾತು. ಆದರೆ ಕಾನೂನಿನಲ್ಲಿ ಎಚ್ಚರಿಕೆಯ ಮಾತೇ ಇಲ್ಲ. 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟಿನಲ್ಲಿ ಭಾರತದ ವಿನೂ ಮಂಕಡ್ ಆಸ್ಟ್ರೇಲಿಯದ ಬಿಲ್ ಬ್ರೌನ್‌ರನ್ನು ಹೀಗೆ ಔಟ್ ಮಾಡಿದರು. ಅದೇ ಪ್ರವಾಸದಲ್ಲಿ ಹಿಂದಿನ ಪಂದ್ಯವೊಂದರಲ್ಲಿ ಅದೇ ಬ್ರೌನ್‌ರಿಗೆ ಎಚ್ಚರಿಕೆ ಕೊಟ್ಟು, ಕೇಳದಿದ್ದಾಗ ಹೀಗೇ ಔಟ್ ಮಾಡಿದ್ದರು. ಎದುರು ತಂಡದ ನಾಯಕ ಬ್ರಾಡ್ಮನ್ನರೇ ಮಂಕಡ್ ಮಾಡಿದ್ದರಲ್ಲಿ ತಪ್ಪಿಲ್ಲ ಎಂದು ಬರೆದರು. ಏನು ಪ್ರಯೋಜನ? ಹದ್ದು ಮೀರಿದ್ದು ಬ್ರೌನ್, ಬೈಗುಳವಾಗಿದ್ದು ಮಂಕಡ್ ಹೆಸರು. ಅಷ್ಟು ದೊಡ್ಡ ಆಲ್‌ರೌಂಡರ್, ಜಗತ್ತು ನೆನಪಿಟ್ಟುಕೊಂಡದ್ದು 'ಮಂಕಡಿಂಗ್' ಎಂಬ ಕ್ರಿಯಾಪದವಾಗಿ. ಕ್ರಿಕೆಟ್ಟಿನ ಕಾನೂನು ಬರೆಯುವ ಲಂಡನ್ನಿನ ಎಂಸಿಸಿ ಕ್ಲಬ್ಬಿನವರು ಇಂಥ ರನೌಟನ್ನು ಅನುಚಿತ ಆಟದ ಕಲಮಿನಿಂದ ಎತ್ತಿ, ಸಾಮಾನ್ಯ ರನೌಟಿನ ಕಲಮಿಗೆ ಸೇರಿಸಿದ್ದು 2022ರಲ್ಲಿ. ಕಲಮು 41ರಿಂದ 38ಕ್ಕೆ. ಆ ಕೇಸು ಇತ್ಯರ್ಥವಾಗಲು 75 ವರ್ಷ ಹಿಡಿಯಿತು. ಮಂಕಡ್ ತೀರಿಕೊಂಡು ಆಗಲೇ ನಾಲ್ಕು ದಶಕ ದಾಟಿತ್ತು. ತೀರ್ಪಿನ ಸುದ್ದಿ ಎಷ್ಟು ಇಂಚು ಬಂತು ಎಂದು ಆ ಟೈಲರನ್ನೇ ಕರೆದು ಅಳೆಸಬೇಕಿತ್ತು.

ಹಾಗಾಗಿ ನಿಮ್ಮೂರಿನ ಹುಡುಗ ಔಟು. ಚೆಂಡು ಕೈಬಿಡಬೇಕಾದ ಕ್ಷಣದವರೆಗೂ ಕ್ರೀಸಿನೊಳಗೆ ಇರು ಎಂದು ಅವನಿಗೆ ಹೇಳಿ. ಹೌದು, ಅವನು ನಿಮ್ಮ ಕಡೆಯವನು ಅಂತ ಪತ್ರದ ಮೂರನೇ ಪುಟದಲ್ಲೇ ಗೊತ್ತಾಯಿತು. ಸುಮ್ನೆ ಅಷ್ಟು ಸಿಟ್ಟು ಯಾರಿಗೂ ಬರುವುದಿಲ್ಲ.

ಕಾನೂನು ಸಲಹೆಯ ಪುಟಕ್ಕೆ ಜನ ಹುಡುಕುತ್ತಿದ್ದೇವೆ. ಈ ವಕೀಲರನ್ನೂ ಕೇಳಿದೆ. ಸಲಹೆ ಕೇಳಲು ಬರುವವರೇ ಜಾಸ್ತಿ ಆಗಿದ್ದಾರೆ, ಬರೆಯುವುದಾದರೂ ಖುಷಿಗೆ ಇರಲಿ ಬಿಡಿ ಎಂದರು. ನಿಮ್ಮ ಪತ್ರವನ್ನು ಹೆಸರು ಮರೆಮಾಡಿ ಅವರಿಗೆ ಕಳಿಸಿದ್ದೆ. ನಿನ್ನೆ ವಾಪಸ್ ಬಂತು. ವಾದ ಇಲ್ಲ, ಪ್ರತಿವಾದ ಇಲ್ಲ. ಅಂಪೈರಿಗೆ ತಲೆ ಇಲ್ಲ ಎಂದು ನೀವು ಬರೆದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದ ಮಾರ್ಜಿನ್ನಿನಲ್ಲಿ ಒಂದೇ ಪದ ಬರೆದಿದ್ದಾರೆ: "ಹಾಜರ್."